ಹೋಲಿಕೆ

'ಹೋಲು' ಕ್ರಿಯಾಪದದಿಂದ ಬಂದ ಪದವಿದು. ಹಳಗನ್ನಡದಲ್ಲಿ ಅದು 'ಪೋಲ್'. ಪಾಲು ಹಾಲಾದಂತೆ ಪೋಲ್ ಹೋಲಾಯಿತು. ತಮಿಳಿನ 'ಪೋಲ', ಮಲಯಾಳಂನ 'ಪೋಲೆ' ಇದರ ಒಡಹುಟ್ಟುಗಳು. ಮಗುವಿನ ಮುಖದಲ್ಲಿ ಅಜ್ಜನ ಹೋಲಿಕೆ ಕಂಡರೆ ಮನೆಮಂದಿಗೆಲ್ಲ ಹಿಗ್ಗು. ಕಂಪನಿಯ ಹೆಸರಿಗೆ ಅದೇ ತೊಡಕು. ಈಗಾಗಲೇ ಇರುವ ಕಂಪನಿಯ ಹೆಸರನ್ನು ತೀರಾ ಹೋಲುವ ಹೆಸರು ಸಲ್ಲದೆನ್ನುತ್ತದೆ 2013ರ ಕಂಪನಿ ಕಾಯ್ದೆಯ 4ನೇ ಸೆಕ್ಷನ್. ಏಕವಚನವನ್ನು ಬಹುವಚನ ಮಾಡಿ, ನಡುವೆ ಜಾಗ ಬಿಟ್ಟು, ಕಾಗುಣಿತ ತಿರುಚಿ, ಪದಗಳನ್ನು ಹಿಂದುಮುಂದು ಮಾಡಿ ಇಲ್ಲವೇ ಊರಿನ ಹೆಸರು ಸೇರಿಸಿದ ಮಾತ್ರಕ್ಕೆ ಹೆಸರು ಬೇರೆಯಾಗದು ಎನ್ನುತ್ತವೆ ಆ ಕಾಯ್ದೆಯಡಿಯ ನಿಯಮಗಳು. ಇದು ನ್ಯಾಯವೇ: ಗಿರಾಕಿ ಹೆಸರನ್ನು ಕಿವಿಯಿಂದ ನೆನಪಿಡುತ್ತಾನೆ, ಅಕ್ಷರ ಎಣಿಸುವುದಿಲ್ಲ. 'ಸಾದೃಶ್ಯ' ಎಂಬ ಸಂಸ್ಕೃತ ಪದವೂ ನಮ್ಮಲ್ಲುಂಟು. ಆದರೆ ಹೋಲಿಕೆ ಎಂದರೆ ಅಂಗಡಿಯವರಿಗೂ ಥಟ್ಟನೆ ತಿಳಿಯುತ್ತದೆ. ಅದನ್ನೇ ಬಳಸೋಣ.