ನಾಗರಹಾವು ಕೇರೆಹಾವಾಯಿತೇ?

ಕಾದಂಬರಿ ಓದಿ ಸಿನಿಮಾ ನೋಡಿದವರು 'ಪುಸ್ತಕದಷ್ಟು ಚೆನ್ನಾಗಿಲ್ಲ' ಎನ್ನುವುದು ರೂಢಿ. ಕನ್ನಡದಲ್ಲಿ ಈ ತಕರಾರು ಜೋರಾಗಿ ಕೇಳಿಬಂದದ್ದು 1972ರಲ್ಲಿ 'ನಾಗರಹಾವು' ತೆರೆ ಕಂಡಾಗ. ತಕರಾರು ತೆಗೆದವರು ಸ್ವತಃ ಲೇಖಕರು!

ತ.ರಾ. ಸುಬ್ಬರಾಯರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಹೆಣೆದು ಪುಟ್ಟಣ್ಣ ಕಣಗಾಲ್ ಈ ಚಿತ್ರ ನಿರ್ದೇಶಿಸಿದರು. ವಿಷ್ಣುವರ್ಧನ್ ನಾಯಕರಾದರು, ಅಂಬರೀಷ್ ಬೆಳಕಿಗೆ ಬಂದರು. ಜನ ಮುಗಿಬಿದ್ದು ನೋಡಿದರು. ತ.ರಾ.ಸು. ಅವರಿಗೆ ಮಾತ್ರ ಹಿಡಿಸಲಿಲ್ಲ. ತಮ್ಮ ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿದರೆಂದು ಅವರು ಹೇಳಿದ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಕೇರೆಗೆ ವಿಷವಿಲ್ಲ ಎಂಬುದು ಎಲ್ಲರಿಗೂ ಗೊತ್ತು.

ಅವರ ಸಿಟ್ಟು ಅಕಾರಣವಲ್ಲ. ಮೂರು ಪುಸ್ತಕಗಳನ್ನು ಸುಮಾರು ಮೂರು ಗಂಟೆಗೆ ಇಳಿಸುವಾಗ ಮೊದಲು ಕತ್ತರಿ ಬೀಳುವುದು ಪಾತ್ರಗಳ ಒಳತೋಟಿಗೆ. ಆದರೆ ಇನ್ನೊಂದು ಮುಖವೂ ಇದೆ. ಕೆ.ಎಸ್. ಅಶ್ವಥ್ ಅಭಿನಯಿಸಿದ ಚಾಮಯ್ಯ ಮೇಷ್ಟ್ರು ಪುಸ್ತಕ ಮುಟ್ಟದವರ ಮನೆಗೂ ಹೋದರು. ಪುಂಡ ಶಿಷ್ಯ, ಕರುಣೆಯ ಗುರು ಎಂದೊಡನೆ ನೆನಪಾಗುವುದು ಆ ಮುಖವೇ.

ತ.ರಾ.ಸು. ಅವರದೇ 'ಹಂಸಗೀತೆ'ಯ ಕಥೆ ಬೇರೆ. ಸಂಗೀತಗಾರನೊಬ್ಬನ ಬದುಕಿನ ಈ ಕಾದಂಬರಿಯಿಂದ ಹಿಂದಿಯಲ್ಲಿ 1956ರಲ್ಲಿ 'ಬಸಂತ್ ಬಹಾರ್' ಬಂತು. ಅದಕ್ಕಾಗಿ ಭೀಮಸೇನ ಜೋಶಿ ಹಾಗೂ ಮನ್ನಾ ಡೇ ಜೊತೆಯಾಗಿ ಹಾಡಿದರು. 1975ರಲ್ಲಿ ಜಿ.ವಿ. ಅಯ್ಯರ್ ಕನ್ನಡದಲ್ಲೇ ಅದನ್ನು ತೆರೆಗೆ ತಂದರು. ಅದರ ಗಾಯನಕ್ಕೆ ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಸಂದಿತು. ರಾಗವನ್ನು ಎಷ್ಟು ಸೊಗಸಾಗಿ ಬಣ್ಣಿಸಿದರೂ ಪುಟ ಹಾಡಲಾರದು. ಇಲ್ಲಿ ಸಿನಿಮಾಕ್ಕೆ ಮೇಲುಗೈ.

ಸಣ್ಣಕಥೆಗಂತೂ ಸಿನಿಮಾ ಹೆಚ್ಚು ಒಗ್ಗುತ್ತದೆ. ಅಲ್ಲಿ ಕತ್ತರಿಸಬೇಕಿಲ್ಲ, ಬೆಳೆಸಬಹುದು. ಯು.ಆರ್. ಅನಂತಮೂರ್ತಿಯವರ 'ಘಟಶ್ರಾದ್ಧ' ಮಲೆನಾಡಿನ ಅಗ್ರಹಾರದ ವಿಧವೆ ಯಮುನಕ್ಕನಿಗೆ ಒದಗಿದ ಬಹಿಷ್ಕಾರವನ್ನು ಬಾಲಕನ ಕಣ್ಣಿನಿಂದ ಹೇಳುವ ಕಥೆ. ಗಿರೀಶ್ ಕಾಸರವಳ್ಳಿ 1977ರಲ್ಲಿ ಅದನ್ನು ಕಪ್ಪು-ಬಿಳುಪಿನಲ್ಲಿ ಚಿತ್ರಿಸಿದರು. ಹುಡುಗನಿಗೆ ಅರ್ಥವಾಗದ್ದನ್ನು ಕ್ಯಾಮೆರಾ ವಿವರಿಸಹೋಗಲಿಲ್ಲ. ಅವನ ಜೊತೆ ನಿಂತು ನೋಡಿತು. ಮೊದಲ ಚಿತ್ರಕ್ಕೇ ಕಾಸರವಳ್ಳಿ ಸ್ವರ್ಣಕಮಲ ಪಡೆದರು.

ಹಾಗಾದರೆ ಸಿನಿಮಾ ಮೂಲವನ್ನು ಮೀರಬಲ್ಲದೇ? ಮೀರಬಲ್ಲದು, ಬರಹಗಾರ ಹೇಳದೆ ಬಿಟ್ಟ ಜಾಗ ನಿರ್ದೇಶಕನಿಗೆ ಕಂಡಾಗ. ಲೇಖಕ ಎಲ್ಲವನ್ನೂ ಹೇಳಿ ಮುಗಿಸಿದ ಕಡೆ ಸಿನಿಮಾ ತನ್ನದೇ ದಾರಿ ಹಿಡಿಯಬೇಕಾಗುತ್ತದೆ. ಪುಟ್ಟಣ್ಣ ಮಾಡಿದ್ದು ಅದನ್ನೇ. ತ.ರಾ.ಸು. ಅವರಿಗೆ ನೋವಾದದ್ದೂ ಅಲ್ಲಿಯೇ.