ಘಟ್ಟದಾರಿಯಿಂದ ಗಿರಿಶಿಖರಕ್ಕೆ

ಕನ್ನಡನಾಡಿನ ಪಡುವಣ ಭಾಗದಲ್ಲಿ ಕಡಲತೀರವನ್ನು ಅನುಸರಿಸಿ ಹಬ್ಬಿರುವ ಸಹ್ಯಾದ್ರಿಗೆ ಜನರ ಮಾತಿನಲ್ಲಿ ಘಟ್ಟವೆಂಬುದೇ ಹೆಸರು. ಸಂಸ್ಕೃತದಲ್ಲಿ ನೀರಿಗೆ ಇಳಿಯುವ ಸೋಪಾನವನ್ನು ಹೇಳುವ ಈ ಶಬ್ದವು ಕನ್ನಡದಲ್ಲಿ ಬೆಟ್ಟವನ್ನು ಏರಿ ಇಳಿಯುವ ದಾರಿಗೂ, ಆ ದಾರಿಯನ್ನು ಒಳಗೊಂಡ ಪರ್ವತಶ್ರೇಣಿಗೂ ಸಲ್ಲುತ್ತದೆ. ಆಗುಂಬೆ, ಚಾರ್ಮಾಡಿ, ಶಿರಾಡಿ, ಬಿಸಿಲೆ, ಸಂಪಾಜೆ ಎಂಬ ಹೆಸರುಗಳನ್ನು ಕೇಳಿದೊಡನೆ ಮನಸ್ಸಿಗೆ ಬರುವುದು ದಾರಿಯೇ. ದಾರಿಯ ಹೆಸರೇ ಪರ್ವತಕ್ಕೆ ನಿಂತುದರಲ್ಲಿ ಒಂದು ಚರಿತ್ರೆ ಅಡಗಿದೆ. ಪೂರ್ವಕಾಲದವರಿಗೆ ಸಹ್ಯಾದ್ರಿಯು ಬಹುಮಟ್ಟಿಗೆ ದಾಟಬೇಕಾದ ಸ್ಥಳವಾಗಿದ್ದಿತು; ಪರ್ವತವನ್ನು ನೋಡುವ ಸಲುವಾಗಿಯೇ ಪರ್ವತಕ್ಕೆ ಹೋಗುವ ಪದ್ಧತಿಯು ಈಚಿನದು. ಈ ಪರಿವರ್ತನೆಯು ಹೇಗೆ ಉಂಟಾಯಿತು, ಅದರೊಡನೆ ಯಾವ ಕಟ್ಟುಪಾಡುಗಳು ಸಡಿಲವಾದುವು ಎಂಬುದು ವಿಚಾರಾರ್ಹವಾದ ವಿಷಯ.

ಘಟ್ಟವನ್ನು ದಾಟಿ ಅದನ್ನು ಬರೆದಿಟ್ಟ ಪರದೇಶೀಯರಲ್ಲಿ ಮೂವರು ಮುಖ್ಯರು. ಪಾರಸೀಕ ರಾಯಭಾರಿಯಾದ ಅಬ್ದುರ್ ರಜಾಕನು ಕ್ರಿ. ಶ. 1443ರಲ್ಲಿ ಮಂಗಳೂರಿನಿಂದ ಹೊರಟು ಘಟ್ಟವನ್ನು ಹತ್ತಿ ವಿಜಯನಗರವನ್ನು ಸೇರಿದನು. ಇಟಲಿಯ ಪಿಯೆತ್ರೋ ದೆಲ್ಲಾ ವಾಲ್ಲೆಯು 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಸಂಗಡ ಹೊನ್ನಾವರದಿಂದ ಶರಾವತಿಯಲ್ಲಿ ಗೇರುಸೊಪ್ಪೆಯವರೆಗೆ ದೋಣಿಯಲ್ಲಿ ಬಂದು, ಅಲ್ಲಿಂದ ಘಟ್ಟವನ್ನೇರಿ ವೆಂಕಟಪ್ಪನಾಯಕನ ರಾಜಧಾನಿಯಾದ ಇಕ್ಕೇರಿಗೆ ಹೋದನು. ಫ್ರಾನ್ಸಿಸ್ ಬುಕಾನನ್ನನು 1801ರಲ್ಲಿ ಕೆನರಾ ತೀರವನ್ನೆಲ್ಲ ನೋಡಿಕೊಂಡು, ಘಟ್ಟವನ್ನು ಹತ್ತಿ ಸೋಂದೆ, ಇಕ್ಕೇರಿಗಳ ಮಾರ್ಗವಾಗಿ ನಗರಕ್ಕೆ ಬಂದನು. ಈ ಮೂವರ ಕಾಲವೂ ಬೇರೆ, ಉದ್ದೇಶವೂ ಬೇರೆ. ಆದರೆ ಒಂದು ಅಂಶದಲ್ಲಿ ಮೂವರೂ ಸಮಾನರು. ಮೊದಲನೆಯವನು ವಿಜಯನಗರವನ್ನು ಮುಟ್ಟಿದುದು ಏಪ್ರಿಲ್ ತಿಂಗಳಿನ ಕೊನೆಯಲ್ಲಿ. ಎರಡನೆಯವನು ಗೋವೆಯನ್ನು ಬಿಟ್ಟುದು ಅಕ್ಟೋಬರಿನಲ್ಲಿ. ಮೂರನೆಯವನು ಘಟ್ಟದ ಮೇಲಣ ಸೀಮೆಗೆ ಬಂದುದು ಮಾರ್ಚಿಯಲ್ಲಿ. ಮಳೆಗಾಲವನ್ನು ಮೂವರೂ ತಪ್ಪಿಸಿದ್ದಾರೆ. ಘಟ್ಟದ ಸಂಚಾರಕ್ಕೆ ಮೊದಲನೆಯ ಕಟ್ಟಳೆಯನ್ನು ವಿಧಿಸಿದವನು ಮಳೆರಾಯನೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವು ಬೇಕಿಲ್ಲ.

ಎರಡನೆಯ ಕಟ್ಟಳೆಯು ರಾಜ್ಯದ್ದು. ಮೆಣಸು, ಏಲಕ್ಕಿ, ಅಡಕೆಗಳು ಘಟ್ಟದ ಮೇಲಿನಿಂದ ಕೆಳಕ್ಕೂ, ಉಪ್ಪು, ತೆಂಗು, ಒಣಮೀನುಗಳು ಕೆಳಗಿನಿಂದ ಮೇಲಕ್ಕೂ ಹೇರಿನ ಎತ್ತುಗಳ ಮೇಲೆ ಸಾಗುತ್ತಿದ್ದುವು. ದಾರಿಯ ಇಕ್ಕಟ್ಟಾದ ಎಡೆಗಳಲ್ಲಿ ಕಾವಲಿನ ಉಕ್ಕಡವೂ, ಸರಕನ್ನು ತಡೆದು ತೆರಿಗೆಯನ್ನು ಎತ್ತುವ ಸುಂಕದ ಕಟ್ಟೆಯೂ ಇರುತ್ತಿದ್ದುವು. ಕೆಳದಿಯ ಅರಸರ ಐಶ್ವರ್ಯಕ್ಕೆ ಮೆಣಸಿನ ಬೆಳೆಯಷ್ಟೇ ಈ ದಾರಿಗಳ ಮೇಲಣ ಹಿಡಿತವೂ ಕಾರಣವಾಗಿದ್ದಿತು. ಟಿಪ್ಪು ಸುಲ್ತಾನನು 1792ರಲ್ಲಿ ಸಕಲೇಶಪುರದ ಬಳಿ ಮಂಜರಾಬಾದಿನ ಕೋಟೆಯನ್ನು ಕಟ್ಟಿಸಿದುದೂ ಕರಾವಳಿಯ ದಾರಿಯ ರಕ್ಷಣೆಗಾಗಿಯೇ. 1837ರಲ್ಲಿ ಕೊಡಗಿನ ಕಡೆಯಿಂದ ಎದ್ದ ದಂಗೆಕಾರರು ಸುಳ್ಯ, ಪುತ್ತೂರುಗಳ ಮಾರ್ಗವಾಗಿ ಮಂಗಳೂರಿನವರೆಗೆ ನಡೆದುದನ್ನು ನೋಡಿದರೆ, ಘಟ್ಟದ ದಾರಿಯು ಯಾರ ವಶದಲ್ಲಿದೆಯೆಂಬುದು ಆಳುವವರಿಗೆ ಏಕೆ ಚಿಂತೆಯ ವಿಷಯವಾಗಿದ್ದಿತೆಂಬುದು ಗೊತ್ತಾಗುತ್ತದೆ.

ದಾರಿಯು ವರ್ತಕನದೂ ಅರಸನದೂ ಆದರೆ, ಶಿಖರವು ದೇವರದು. ಕೊಲ್ಲೂರಿನ ಮೇಲಣ ಕೊಡಚಾದ್ರಿಯ ತುದಿಯಲ್ಲಿರುವ ಕಲ್ಲಿನ ಮಂಟಪವನ್ನು ಶಂಕರಾಚಾರ್ಯರ ಸರ್ವಜ್ಞಪೀಠವೆಂದು ಭಕ್ತರು ನಂಬುತ್ತಾರೆ. ಕುಕ್ಕೆ ಸುಬ್ರಹ್ಮಣ್ಯದ ಕುಮಾರಪರ್ವತಕ್ಕೆ ದೇವರ ಹೆಸರೇ ಇದೆ. ಮುಳ್ಳಯ್ಯನಗಿರಿಯ ತುದಿಯಲ್ಲಿ ತಪಸ್ವಿಯ ಗದ್ದುಗೆಯಿದೆ. ಇಂತಹ ಎಡೆಗಳಿಗೆ ಹರಕೆಯನ್ನು ಹೊತ್ತವರೂ ತಪಸ್ಸನ್ನು ಬಯಸಿದವರೂ ಹೋಗುತ್ತಿದ್ದರು. ಪ್ರಾಚೀನ ಕಾವ್ಯಗಳ ಸಾಕ್ಷ್ಯವೂ ಇದೇ. ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಪರ್ವತವೂ ಒಂದಾದುದರಿಂದ ಚಂಪೂಕವಿಗಳಲ್ಲಿ ಗಿರಿವರ್ಣನೆಗೆ ಕೊರತೆಯಿಲ್ಲ. ಆದರೆ ಪಂಪನ ಅರ್ಜುನನು ಇಂದ್ರಕೀಲಕ್ಕೆ ಹೋದುದು ತಪಸ್ಸಿಗಾಗಿ, ವಿಹಾರಕ್ಕಾಗಿ ಅಲ್ಲ.

ಹರಕೆಯೂ ಇಲ್ಲದೆ, ಹೇರೂ ಇಲ್ಲದೆ, ಕೇವಲ ಸುತ್ತಲಿನ ನೋಟಕ್ಕಾಗಿ ಶಿಖರವನ್ನು ಏರಿದವರಲ್ಲಿ ಮೊದಲಿಗರೆಂದು ಭೂಮಾಪಕರನ್ನು ಹೇಳಬಹುದು. ವಿಲಿಯಂ ಲ್ಯಾಂಬ್ಟನ್ನನು ತನ್ನ ಮೊದಲನೆಯ ಆಧಾರರೇಖೆಯನ್ನು 1800ರ ಕೊನೆಯಲ್ಲಿ ಅಳೆದುದು ಬೆಂಗಳೂರಿನ ಪೂರ್ವದ ಬಯಲಿನಲ್ಲಿ. ಅದರ ಉದ್ದವು ಏಳು ಮೈಲಿಗಳಿಗೆ ಮಿಕ್ಕಿದ್ದಿತು. 1802ರಲ್ಲಿ ಮದರಾಸಿನಲ್ಲಿ ಮತ್ತೊಂದು ರೇಖೆಯನ್ನು ಅಳೆದು, ಅಲ್ಲಿಂದ ತ್ರಿಕೋನಗಳ ಸರಪಣಿಯನ್ನು ಮೈಸೂರು ಸೀಮೆಯ ಮೇಲೆ ಹಾಯಿಸಿ, ಸಹ್ಯಾದ್ರಿಯ ಎತ್ತರದ ನೆಲೆಗಳನ್ನು ದಾಟಿಸಿ, ಮಂಗಳೂರಿನ ಕಡಲಿಗೆ ಮುಟ್ಟಿಸಿದನು. ಹಳೆಯ ನಕ್ಷೆಗಳಲ್ಲಿ ಸುಮಾರು 400 ಮೈಲಿಗಳಾಗಿದ್ದ ಪರ್ಯಾಯದ್ವೀಪದ ಅಗಲವು ವಾಸ್ತವವಾಗಿ ಸುಮಾರು 360 ಮೈಲಿಗಳೆಂದು ಆಗ ತಿಳಿಯಿತು. ಶಿಖರವು ಹೀಗೆ ನಿಂತು ನೋಡುವ ಸ್ಥಳವಾಯಿತು.

ಆ ಬಳಿಕ ವಿಹಾರವು ಬಂದಿತು. ಕಡಲಿನಿಂದ ನೋಡಿದವರಿಗೆ ಕುದುರೆಯ ಮುಖದಂತೆ ಕಂಡು, ನಾವಿಕರಿಗೆ ಗುರುತಾಗಿದ್ದ ಕುದುರೆಮುಖವು, ಹತ್ತೊಂಬತ್ತನೆಯ ಶತಮಾನದಲ್ಲಿ ಮಂಗಳೂರಿನ ಆಂಗ್ಲ ಅಧಿಕಾರಿಗಳಿಗೆ ಬೇಸಗೆಯನ್ನು ಕಳೆಯುವ ತಂಪಿನ ತಾಣವಾಯಿತು. ಕನ್ನಡದಲ್ಲಿ ಈ ಹೊಸ ದೃಷ್ಟಿಗೆ ಗದ್ಯರೂಪವನ್ನು ಕೊಟ್ಟವರಲ್ಲಿ ಕುವೆಂಪು ಪ್ರಮುಖರು. 1933ರಲ್ಲಿ ಪ್ರಕಟವಾದ ಅವರ ‘ಮಲೆನಾಡಿನ ಚಿತ್ರಗಳು’ ಎಂಬ ಗ್ರಂಥದಲ್ಲಿ ಗುಡ್ಡವನ್ನು ಹತ್ತುವುದು ತಾನೇ ಸಾಹಿತ್ಯಕ್ಕೆ ವಸ್ತುವಾಯಿತು. ಆದರೆ ಕುಪ್ಪಳಿಯವರಾದ ಅವರು ಮಲೆಯ ಮಗ. ಹತ್ತಿದ ಗುಡ್ಡದ ಬುಡದಲ್ಲಿಯೇ ಅವರ ಮನೆಯಿದ್ದಿತು. ನೋಡುವವನಿಗೂ ನೆಲಕ್ಕೂ ಇದ್ದ ಈ ಸಂಬಂಧವು ಮುಂದೆ ತಪ್ಪಿತು.

ಇಂದು ಸಹ್ಯಾದ್ರಿಯ ಶಿಖರಗಳನ್ನು ಏರುವವರಲ್ಲಿ ಬಹುಮಂದಿ ಬೆಂಗಳೂರಿನವರು. ಮಾರತ್ತಹಳ್ಳಿ, ವೈಟ್‌ಫೀಲ್ಡ್ ಮೊದಲಾದ ಹೊರವಲಯಗಳ ಗಣಕೋದ್ಯಮಗಳಲ್ಲಿ ದುಡಿಯುವ ತರುಣರು ಶುಕ್ರವಾರದ ರಾತ್ರಿ ಬಸ್ಸು ಹತ್ತಿ, ಶನಿವಾರದ ಮುಂಜಾವಿಗೆ ಘಟ್ಟದ ಬುಡದಲ್ಲಿ ಇಳಿಯುತ್ತಾರೆ. ಲ್ಯಾಂಬ್ಟನ್ನನು ಸರಪಣಿಯನ್ನು ಎಳೆದ ಪೂರ್ವದ ಬಯಲಿನಿಂದಲೇ ಶಿಖರವನ್ನು ಅರಸಿ ಹೊಸ ಜನಸಮೂಹವೊಂದು ಹೊರಡುತ್ತಿದೆ. ಚಾರಣವೆಂಬ ಹೆಸರು ಈ ಸಂಚಾರಕ್ಕೆ ರೂಢವಾಗಿದೆ. ಹಿಂದಿನವರು ತಪ್ಪಿಸುತ್ತಿದ್ದ ಮಳೆಯನ್ನು ಇವರಲ್ಲಿ ಅನೇಕರು ಅರಸಿಕೊಂಡು ಹೋಗುತ್ತಾರೆಂಬುದು ಗಮನಾರ್ಹ. ಕುದುರೆಮುಖದ ಹಸಿರು ಹುಲ್ಲುಗಾವಲನ್ನು ನೋಡಲು ಮಳೆಗಾಲವೇ ಪ್ರಶಸ್ತವೆಂದು ಎಣಿಸಲ್ಪಟ್ಟಿದೆ. ಋತುವಿನ ಕಟ್ಟಳೆಯು ಹೀಗೆ ತಲೆಕೆಳಗಾಯಿತು. ಸುಂಕದ ಕಟ್ಟೆಗಳು ಅದಕ್ಕೆ ಬಹಳ ಮೊದಲೇ ಅಳಿದಿದ್ದುವು.

ಕಟ್ಟಳೆಯಿಲ್ಲದ ಸಂಚಾರದ ಫಲವು 2024ರ ಜನವರಿಯಲ್ಲಿ ಕಾಣಿಸಿತು. 1987ರಿಂದ ವನ್ಯಜೀವಿಧಾಮವಾಗಿರುವ ಪುಷ್ಪಗಿರಿಗೆ ಸೇರಿದ, 1712 ಮೀಟರ್ ಎತ್ತರದ ಕುಮಾರಪರ್ವತದ ಬುಡದಲ್ಲಿ ರಜಾದಿನಗಳಲ್ಲಿ ಸಾವಿರಾರು ಮಂದಿ ಒಮ್ಮೆಲೆ ನೆರೆದರು. ಅರಣ್ಯ ಇಲಾಖೆಯು ಚಾರಣಗಳನ್ನು ತಡೆದು, ಅದೇ ವರ್ಷದಲ್ಲಿ ಮುಂಗಡವಾಗಿ ಅನುಮತಿಯನ್ನು ಪಡೆಯುವ ಏರ್ಪಾಡನ್ನೂ, ಒಂದು ಮಾರ್ಗಕ್ಕೆ ದಿನಕ್ಕೆ 300 ಮಂದಿಯೆಂಬ ಮಿತಿಯನ್ನೂ ಜಾರಿಗೆ ತಂದಿತು. ಇದನ್ನು ಸ್ವಾತಂತ್ರ್ಯಹರಣವೆಂದು ಆಕ್ಷೇಪಿಸುವವರು ಹಿಂದಿನ ಉಕ್ಕಡಗಳನ್ನು ನೆನೆಯುವುದು ಉಚಿತ. ಹಿಂದೆ ಅರಸನು ತಡೆದುದು ಬೊಕ್ಕಸಕ್ಕಾಗಿ. ಈಗಿನ ತಡೆಯು 2012ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪರ್ವತದ ಸಲುವಾಗಿಯೇ. ಆದರೂ ಚಾರಣಿಗನೊಬ್ಬನಿಂದಲೇ ಪರ್ವತವು ಕೆಟ್ಟಿತೆನ್ನುವುದು ನ್ಯಾಯವಲ್ಲ. ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಯು ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2005ರ ಕೊನೆಗೆ ನಿಲ್ಲುವವರೆಗೂ, ಆ ಬೆಟ್ಟಗಳಿಗೆ ಆದ ಗಾಯವು ನಡೆದಾಡುವವರ ಹೆಜ್ಜೆಯಿಂದ ಆದುದಲ್ಲ.

ಹಳೆಯ ಪದ್ಧತಿಯು ಪೂರ್ಣವಾಗಿ ಅಳಿದಿಲ್ಲವೆಂಬುದನ್ನೂ ಹೇಳಬೇಕು. ಮಹಾಶಿವರಾತ್ರಿಗೆ ಮುನ್ನ ಬೆಂಗಳೂರು, ಹಾಸನ ಮೊದಲಾದ ಕಡೆಗಳಿಂದ ಸಾವಿರಾರು ಭಕ್ತರು ಪ್ರತಿವರ್ಷವೂ ಕಾಲ್ನಡೆಯಿಂದ ಹೊರಟು, ಚಾರ್ಮಾಡಿ ಘಟ್ಟವನ್ನು ಇಳಿದು ಧರ್ಮಸ್ಥಳವನ್ನು ಸೇರುತ್ತಾರೆ. ಇವರು ಹೋಗುವುದು ಮಳೆ ಕಳೆದ ಮೇಲೆ, ಹಿಡಿಯುವುದು ಘಟ್ಟದ ದಾರಿ, ಹೊರುವುದು ಹರಕೆ. ಒಂದೇ ನಗರದಿಂದ ಹೊರಡುವ ಈ ಯಾತ್ರಿಕನೂ ಆ ಚಾರಣಿಗನೂ ಸಹ್ಯಾದ್ರಿಯ ಸಂಚಾರದ ಎರಡು ಯುಗಗಳಿಗೆ ಪ್ರತಿನಿಧಿಗಳು. ಯಾತ್ರಿಕನಿಗೆ ಕಾಲವನ್ನೂ ಮಾರ್ಗವನ್ನೂ ಆಚಾರವು ಗೊತ್ತುಮಾಡಿಕೊಟ್ಟಿದೆ. ಚಾರಣಿಗನಿಗೆ ಅಂತಹ ಆಚಾರವು ಇನ್ನೂ ಹುಟ್ಟಿಲ್ಲವಾದುದರಿಂದ ಅದರ ಕೆಲಸವನ್ನು ರಾಜ್ಯಶಾಸನವು ಮಾಡಬೇಕಾಗಿ ಬಂದಿದೆ. ಶಾಸನವು ಎಣಿಸಬಲ್ಲುದು, ತಡೆಯಬಲ್ಲುದು. ಪರ್ವತದೊಡನೆ ನಡೆದುಕೊಳ್ಳಬೇಕಾದ ರೀತಿಯನ್ನು ಕಲಿಸಲಾರದು. ಅದನ್ನು ಕಲಿಸಬಲ್ಲವರು ಮಲೆಕುಡಿಯರೇ ಮೊದಲಾದ ಘಟ್ಟದ ನಿವಾಸಿಗಳು. ಪರದೇಶೀಯರ ಬರೆಹಗಳಲ್ಲಿ ಹೆಸರಿಲ್ಲದೆ ಉಳಿದುಹೋದ ಹೊರೆಯಾಳುಗಳೂ ದಾರಿತೋರುವವರೂ ಇಂತಹವರೇ. ಅವರ ತಿಳಿವಳಿಕೆಯನ್ನು ಬಾಯಿಮಾತಿನಿಂದ ಬರೆಹಕ್ಕೆ ತರುವ ಕಾರ್ಯವು ನಡೆದಲ್ಲದೆ ಸಹ್ಯಾದ್ರಿಯ ಸಂಚಾರದ ಚರಿತ್ರೆಯು ಪೂರ್ಣವಾಗದು.