ನುಗ್ಗೇಹಳ್ಳಿಯ ಎರಡು ಕೈ, ಜ್ಯೂರಿಕ್‌ನ ಒಂದು ರೋಬೋಟ್

ಇವತ್ತಿನ ಕಂತು ಮರಗೆಲಸ, ಗಣಿತ ಮತ್ತೆ ರೋಬೋಟ್ ಬಗ್ಗೆ. ಆದರೆ ಶುರು ಮಾಡೋಣ ಒಂದು ಬಾಗಿಲಿಂದ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲೇ ಗೃಹಪ್ರವೇಶಕ್ಕೆ ಹೋದರೂ ಹೊಸ ಮನೆಯ ಮುಂಬಾಗಿಲಲ್ಲಿರೋ ಗಜಲಕ್ಷ್ಮಿಯನ್ನ ಒಂದು ನಿಮಿಷ ನೋಡಿ. ಹೋದ ತಿಂಗಳು ಬೇರೆಯವರ ಮನೇಲೂ ಇದೇ ಲಕ್ಷ್ಮಿ ಇದ್ದಳಲ್ಲ ಅನ್ನಿಸಬಹುದು. ಇದ್ದಿರಬಹುದು. ಎಷ್ಟೋ ಬಾಗಿಲನ್ನ ಈಗ ಕೆತ್ತೋದು ಸಿಎನ್‌ಸಿ ಮೆಷಿನ್. ಫೈಲ್ ಒಂದೇ, ಲಕ್ಷ್ಮಿಯೂ ಒಬ್ಬಳೇ.

ಹಾಗಾದರೆ ಮೆಷಿನ್ ಬಂದರೆ ಎಲ್ಲವೂ ಒಂದೇ ಥರ ಆಗಿಬಿಡುತ್ತಾ? ಆಗಲೇಬೇಕು ಅಂತೇನಿಲ್ಲ.

ಸ್ವಿಟ್ಜರ್‌ಲ್ಯಾಂಡಿನ ಜ್ಯೂರಿಕ್‌ನಲ್ಲಿ ಇಟಿಎಚ್ ವಿಶ್ವವಿದ್ಯಾಲಯದ ಒಂದು ಕಟ್ಟಡಕ್ಕೆ ಮರದ ಚಾವಣಿ ಇದೆ. 2016ರಲ್ಲಿ ಮುಗಿದದ್ದು. ಅದರಲ್ಲಿರೋದು 48,624 ಮರದ ಪಟ್ಟಿಗಳು. ಪ್ರತಿ ಪಟ್ಟಿಯನ್ನೂ ಯಾರೂ ಕೂತು ಬಿಡಿಸಲಿಲ್ಲ. ವಿನ್ಯಾಸಕಾರರು ಕಂಪ್ಯೂಟರಿಗೆ ಕೊಟ್ಟದ್ದು ನಿಯಮ ಮಾತ್ರ: ಭಾರ ಎಲ್ಲಿ ಬೀಳುತ್ತೆ, ಚಾವಣಿ ಎಲ್ಲಿ ಬಾಗಬೇಕು, ಪಟ್ಟಿಗೆ ಪಟ್ಟಿ ಹೇಗೆ ಕೂರಬೇಕು. ಉದ್ದ, ಜಾಗ ಎಲ್ಲಾ ಲೆಕ್ಕದಿಂದ ಬಂತು. ರೋಬೋಟ್ ಕತ್ತರಿಸಿ, ಜೋಡಿಸಿ, ಮೊಳೆ ಹೊಡೀತು. ಅಲ್ಲಿ ಮೆಷಿನ್ ಬಳಸಿದ್ದು ನಕಲು ಮಾಡೋಕಲ್ಲ, ಸಾವಿರಾರು ತುಂಡುಗಳನ್ನ ಅವುಗಳ ಜಾಗಕ್ಕೆ ತಕ್ಕಂತೆ ಬೇರೆ ಬೇರೆ ಮಾಡೋಕೆ.

ಚಿತ್ರದ ಬದಲು ನಿಯಮ ಕೊಡೋದು ಹೊಯ್ಸಳರ ನಾಡಿಗೆ ಹೊಸದೇನಲ್ಲ. ಒಂದು ಚೌಕ ಬರೀರಿ. ನಡುವಿನ ಬಿಂದು ಕದಲಿಸದೆ ಅದನ್ನ 22.5 ಡಿಗ್ರಿ ತಿರುಗಿಸಿ ಇನ್ನೊಂದು ಚೌಕ. ಹೀಗೆ ಒಟ್ಟು ನಾಲ್ಕು ಚೌಕ ಆದಾಗ 16 ಮೂಲೆಯ ನಕ್ಷತ್ರ ಸಿಗುತ್ತೆ. 1258ರ ಸೋಮನಾಥಪುರದ ಗರ್ಭಗುಡಿಗಳು ನಿಂತಿರೋದು ಇಂಥ ನಕ್ಷತ್ರದ ಮೇಲೇ. ಅಲ್ಲಿನ ಬಳಪದ ಕಲ್ಲಿನ ಕಂಬಗಳನ್ನ ನೋಡಿದರೆ ಚನ್ನಪಟ್ಟಣದ ಬೊಂಬೆ ನೆನಪಾಗುತ್ತೆ; ಮರವನ್ನ ತಿರುಗಿಸಿ ಕಡೆದಾಗ ಮೂಡುವಂಥದೇ ಉಂಗುರಗಳು. ಹಾಗಂತ ಹೊಯ್ಸಳರ ಹತ್ತಿರ ರೋಬೋಟ್ ಇತ್ತು ಅಂತ ವಾಟ್ಸಾಪ್ ಫಾರ್ವರ್ಡ್ ಬಂದರೆ ಅಲ್ಲೇ ಡಿಲೀಟ್ ಮಾಡಿ. ಅವರ ಹತ್ತಿರ ಇದ್ದದ್ದು ಸೂತ್ರ, ಉಳಿ ಮತ್ತು ಪಳಗಿದ ಕೈ.

ಆ ಕೈ ಏನು ಮಾಡುತ್ತಿತ್ತು ಅಂತ ನೋಡೋಕೆ ಚನ್ನರಾಯಪಟ್ಟಣ ತಾಲೂಕಿನ ನುಗ್ಗೇಹಳ್ಳಿಗೆ ಬನ್ನಿ. ಇಲ್ಲಿನ ಲಕ್ಷ್ಮೀನರಸಿಂಹ ದೇವಸ್ಥಾನ 1246ರದ್ದು. ಕಟ್ಟಿಸಿದವನು ಬೊಮ್ಮಣ್ಣ ದಂಡನಾಯಕ. ಹೊರಗೋಡೆಯ ವಿಗ್ರಹಗಳಲ್ಲಿ ಇಬ್ಬರು ಶಿಲ್ಪಿಗಳ ಕೆಲಸ ಎದ್ದು ಕಾಣುತ್ತೆ: ಬೈಚೋಜ, ಮಲ್ಲಿತಮ್ಮ. ಗೋಡೆ ಒಂದೇ, ಅಳತೆ ಒಂದೇ, ಆದರೆ ಕೈ ಬೇರೆ ಬೇರೆ. ಇಬ್ಬರೂ ತಮ್ಮ ಹೆಸರು ಕಲ್ಲಿನ ಮೇಲೆ ಕೊರೆದಿದ್ದಾರೆ. ಮಲ್ಲಿತಮ್ಮನ ಹೆಸರು ಸೋಮನಾಥಪುರದಲ್ಲೂ ಸಿಗುತ್ತೆ. ಸುಮಾರು 780 ವರ್ಷದ ಹಿಂದೆ ಯಾರು ಕೆತ್ತಿದ್ದು ಅಂತ ನಮಗೆ ಗೊತ್ತು. ನಮ್ಮ ಬಾಗಿಲಿನ ಲಕ್ಷ್ಮಿಯನ್ನ ಬರೆದವರು ಯಾರು ಅಂತ ಮಾತ್ರ ಗೊತ್ತಿಲ್ಲ.

ಹಾಗಾಗಿ ಪ್ರಶ್ನೆ ಮೆಷಿನ್ ಬೇಕೋ ಬೇಡವೋ ಅನ್ನೋದಲ್ಲ. ಅದು ಬಂದಾಗಿದೆ. ನಿಯಮ ಬರೆಯೋದು ಯಾರು ಅನ್ನೋದೇ ಪ್ರಶ್ನೆ. ತೇಗ ಯಾವ ಕಡೆ ಸೀಳುತ್ತೆ, ಹಲಸಿನ ಹಲಗೆ ಮಳೆಗಾಲದಲ್ಲಿ ಎಷ್ಟು ಉಬ್ಬುತ್ತೆ, ಇದು ಅರಕಲಗೂಡಿನ ಬಡಗಿಗೆ ಗೊತ್ತು. ಕೋಡಿಂಗ್ ಹಾಸನದ ಕಾಲೇಜು ಹುಡುಗಿಗೆ ಗೊತ್ತು. ಇಬ್ಬರೂ ಒಂದೇ ಮೇಜಿಗೆ ಕೂತರೆ ಅದೇ ಮೆಷಿನ್ ಮನೆಗೊಂದು ಬೇರೆ ಲಕ್ಷ್ಮಿಯನ್ನ ಕೆತ್ತಬಲ್ಲದು. ಕೂರದೇ ಹೋದರೆ ಬಡಗಿ ಬರೀ ಹಲಗೆ ಹೊತ್ತು ಮೆಷಿನ್‌ಗೆ ಇಡೋ ಆಳಾಗುತ್ತಾನೆ, ಅವನ ತಿಳಿವಳಿಕೆ ಅವನ ಜೊತೆಗೇ ಹೋಗುತ್ತೆ.

ನಿಮ್ಮೂರಿನ ಹಳೇ ಬಾಗಿಲು, ತೊಟ್ಟಿಮನೆ ಕಂಬ, ತೇರು ಮಾಡಿದವರ ಹೆಸರು ಗೊತ್ತಿದ್ದರೆ ಬರೆದಿಟ್ಟುಕೊಳ್ಳಿ. ಮುಂದಿನ ಕಂತಿನಲ್ಲಿ ಸಿಗೋಣ.